ದೊಡ್ಡ ಕಾಲೇಜನ್ನು ಮೇಲೆ ಬರೆದರೆ ಸಿಗುವ ಸೀಟೂ ಹೋಗುತ್ತದೆಯೇ?

"ಆಪ್ಷನ್ ಎಂಟ್ರಿಯಲ್ಲಿ ನಿಮ್ಮ ರ‍್ಯಾಂಕಿಗೆ ಸಿಗುವ ಕಾಲೇಜನ್ನೇ ಮೊದಲು ಹಾಕಿ. ದೊಡ್ಡ ಕಾಲೇಜು ಮೇಲಿದ್ದರೆ, ಕೆಳಗಿನ ಸೀಟು ಅದನ್ನು ಮೊದಲು ಬರೆದವರ ಪಾಲಾಗುತ್ತದೆ. ಎಲ್ಲ ಪಾಲಕರಿಗೂ ತಲುಪಿಸಿ."

ಸಿಇಟಿ ರ‍್ಯಾಂಕ್ ಬಂದ ಮೇಲೆ ಇಂಥ ಮೆಸೇಜುಗಳು ವಾಟ್ಸಾಪಿನಲ್ಲಿ ಓಡಾಡತೊಡಗುತ್ತವೆ. ಗುಲ್ವಾಡಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಇದನ್ನು ನನಗೆ ಕಳಿಸಿ, "ಹೌದಾ ಅಕ್ಕ? ಮೇಲೆ ದೊಡ್ಡ ಕಾಲೇಜ್ ಹಾಕ್ರೆ ಕೆಳಗಿನ ಸೀಟೂ ಹೋತ್ತಂಬ್ರ್" ಎಂದು ಕೇಳಿದಳು. ಕೇಳುವ ಮೊದಲೇ ಬೆಂಗಳೂರಿನ ಯುವಿಸಿಇಯನ್ನು ಪಟ್ಟಿಯಿಂದ ಅಳಿಸಿಯೂ ಆಗಿತ್ತು.

ಮೆಸೇಜು ತಪ್ಪು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎಯ ಸೀಟು ಹಂಚಿಕೆ ನಡೆಯುವುದು ರ‍್ಯಾಂಕಿನ ಕ್ರಮದಲ್ಲಿ. ಕಂಪ್ಯೂಟರ್ ಒಬ್ಬ ಅಭ್ಯರ್ಥಿಯ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ. ಮೊದಲ ಆಯ್ಕೆಯಲ್ಲಿ ಅವರಿಗೆ ಸಲ್ಲುವ ಸೀಟು ಉಳಿದಿಲ್ಲವೇ? ಎರಡನೆಯದು. ಅಲ್ಲೂ ಇಲ್ಲವೇ? ಮೂರನೆಯದು. ಎಲ್ಲಿ ಸಿಕ್ಕಿತೋ ಅಲ್ಲಿಗೆ ನಿಲ್ಲುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದೇ ಕೆಟಗರಿಯ ಇಬ್ಬರು. ನಿಮ್ಮ ರ‍್ಯಾಂಕ್ 42,000, ಇನ್ನೊಬ್ಬರದು 45,000. ಮೂಡ್ಲಕಟ್ಟೆ ಕಾಲೇಜಿನ ಕಂಪ್ಯೂಟರ್ ಸೈನ್ಸನ್ನು ನೀವು ಹನ್ನೆರಡನೆಯದಾಗಿ ಬರೆದಿದ್ದೀರಿ, ಅವರು ಮೊದಲನೆಯದಾಗಿ. ಉಳಿದಿರುವುದು ಒಂದೇ ಸೀಟು. ಮೇಲಿನ ಹನ್ನೊಂದೂ ಸಿಗದಿದ್ದರೆ ಆ ಸೀಟು ನಿಮಗೇ. ಕೇಳಿ ಸಿಗದೇ ಹೋದದ್ದಕ್ಕೆ ದಂಡವಿಲ್ಲ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ ಎಂದು ನನಗೆ ಗೊತ್ತಿಲ್ಲ, ಆದರೆ ಅದು ನಿಜವಾಗಿದ್ದ ಊರೊಂದು ಇತ್ತು. ಅಮೆರಿಕದ ಬಾಸ್ಟನ್ನಿನ ಸರ್ಕಾರಿ ಶಾಲೆಗಳಲ್ಲಿ ಮೊದಲ ಆಯ್ಕೆಯಾಗಿ ಬರೆದವರಿಗೇ ಮೊದಲು ಸೀಟು ಕೊಡುತ್ತಿದ್ದರು. ಒಳ್ಳೆಯ ಶಾಲೆಗೆ ಆಸೆಪಟ್ಟು ತಪ್ಪಿದರೆ ಎರಡನೆಯದೂ ಕೈಬಿಡುತ್ತಿತ್ತು. ಪಾಲಕರು ಮನಸ್ಸಿನಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಎನ್ನುವಂತಾಯಿತು. 2005ರಲ್ಲಿ ಆ ಪದ್ಧತಿ ಕೈಬಿಟ್ಟರು. ಅದನ್ನು ಸರಿಪಡಿಸಲು ನೆರವಾದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರಿಗೆ, ಇಂಥ ಹಂಚಿಕೆಗಳ ಮೇಲಿನ ಕೆಲಸಕ್ಕಾಗಿ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ನಮ್ಮ ಸಿಇಟಿಯಲ್ಲಿ ನಷ್ಟ ಆಗುವುದು ಮೆಸೇಜನ್ನು ನಂಬಿದರೆ. 'ಖಂಡಿತ ಸಿಗುವ' ಕಾಲೇಜನ್ನು ಮೇಲೆ ಬರೆದಿರೋ, ಕಂಪ್ಯೂಟರ್ ಅಲ್ಲೇ ನಿಂತುಬಿಡುತ್ತದೆ. ಕೆಳಗೆ ಬರೆದ ಒಳ್ಳೆಯದನ್ನು ನೋಡುವುದೇ ಇಲ್ಲ. ಮುಂದಿನ ಸುತ್ತಿಗೆ ಹೋದರೂ ಸಿಕ್ಕಿದ್ದಕ್ಕಿಂತ ಮೇಲಿರುವ ಆಯ್ಕೆಗಳಿಗೆ ಮಾತ್ರ ಅವಕಾಶ.

ಇನ್ನೊಂದು ಅಪಾಯ, ಗಿಡ್ಡ ಪಟ್ಟಿ. ಐದಾರು ಹೆಸರಾಂತ ಕಾಲೇಜು ಬರೆದು ಸುಮ್ಮನಾದರೆ ಸೀಟೇ ಬಾರದೆ, ಕೊನೆಗೆ ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಸಾಲ ಮಾಡಬೇಕಾದೀತು. ಕಾಲೇಜು ಮತ್ತು ಕೋರ್ಸು ಸೇರಿ ಒಂದು ಆಯ್ಕೆ. ಎಷ್ಟು ಬೇಕಾದರೂ ಬರೆಯಬಹುದು. ಆಸೆಯವು ಮೇಲೆ, ಹಿಂದಿನ ವರ್ಷ ನಿಮ್ಮ ರ‍್ಯಾಂಕಿನ ಆಸುಪಾಸಿನಲ್ಲಿ ಮುಗಿದವು ನಡುವೆ, ನಿಮ್ಮ ರ‍್ಯಾಂಕಿಗಿಂತ ಬಹಳ ಹಿಂದಿನವರಿಗೂ ಸಿಕ್ಕಿದ ಕೆಲವು ಕೊನೆಗೆ. ಆದರೆ ಸೇರಲು ಮನಸ್ಸಿಲ್ಲದ ಕಾಲೇಜನ್ನು ಕೊನೆಗೂ ಬರೆಯಬೇಡಿ, ಅದೇ ಸಿಕ್ಕೀತು. ಹಾಸ್ಟೆಲ್ ಖರ್ಚು, ಬಸ್ಸು, ಫೀಸು ಇವನ್ನೆಲ್ಲ ಮನೆಯಲ್ಲಿ ಕೂತು ಮಾತಾಡುವುದು ಪಟ್ಟಿ ಬರೆಯುವ ಮೊದಲು. ಬಂಟಕಲ್ಲಿಗೆ ಮನೆಯಿಂದ ಹೋಗಿಬರುವ ಲೆಕ್ಕವೇ ಬೇರೆ, ಬೆಂಗಳೂರಿನ ಲೆಕ್ಕವೇ ಬೇರೆ.

ಹಿಂದಿನ ವರ್ಷದ ಕಟಾಫ್ ನೋಡುವಾಗಲೂ ಫಾರ್ವರ್ಡ್ ಆಗಿ ಬಂದ ಸ್ಕ್ರೀನ್‌ಶಾಟ್ ಸಾಲದು. ಅದರಲ್ಲಿ ಹೆಚ್ಚಾಗಿ ಇರುವುದು ಜಿಎಂ ಕಾಲಂ ಒಂದೇ. ಕೆಇಎ ಪಟ್ಟಿಯಲ್ಲಿ 2ಎಜಿ, 2ಎಆರ್, 2ಎಕೆ ಎಂದೆಲ್ಲ ಇರುತ್ತದೆ; ಕೊನೆಯ 'ಆರ್' ಗ್ರಾಮೀಣ, 'ಕೆ' ಕನ್ನಡ ಮಾಧ್ಯಮ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಮೀಸಲು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲೇ ಓದಿದ ಮಕ್ಕಳು ಜಿಎಂ ಕಾಲಂ ನೋಡಿ ಕೈಬಿಟ್ಟ ಕಾಲೇಜು, ತಮ್ಮ ಕಾಲಂನಲ್ಲಿ ಎಟುಕುವಂತೆ ಇದ್ದೀತು. ಯಾವ ಸುತ್ತಿನ ಕಟಾಫ್ ಎಂಬುದನ್ನೂ ನೋಡಿ.

ನಿಜವಾದ ಹಂಚಿಕೆಗೆ ಮೊದಲು ಕೆಇಎ ಅಣಕು ಹಂಚಿಕೆಯ ಫಲಿತಾಂಶ ಕೊಡುತ್ತದೆ. ಅದು ಸೀಟಲ್ಲ, ಅಂದಾಜು. ಅದನ್ನು ನೋಡಿ ಪಟ್ಟಿ ತಿದ್ದಲು ಕೆಲವು ದಿನ ಸಿಗುತ್ತವೆ. ಗಡುವು ಮುಗಿದ ಮೇಲೆ ಹೊಸ ಆಯ್ಕೆ ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ.

ಪಕ್ಕದ ಮನೆಯ ಹುಡುಗಿ ಶಾಲೆ ಓದಿದ್ದು ಊರಲ್ಲೇ, ಕನ್ನಡದಲ್ಲೇ. ಅವಳು ಇಷ್ಟು ದಿನ ನೋಡುತ್ತಿದ್ದುದೂ ಜಿಎಂ ಕಾಲಂ. ಯುವಿಸಿಇ ಈಗ ಪಟ್ಟಿಯಲ್ಲಿ ಮತ್ತೆ ಮೊದಲನೆಯದು, ಮೂಡ್ಲಕಟ್ಟೆ ಹತ್ತೊಂಬತ್ತನೆಯದು.