ನಾಲ್ಕು ಕೈ ಮೇಲೋ, ಎರಡು ಚುರುಕು ಕೈ ಮೇಲೋ?

ಹಳೆ ಕಂಪ್ಯೂಟರ್ ಮಾರುವವರ ಹತ್ತಿರ ಒಂದು ಸುಲಭದ ಲೆಕ್ಕವಿದೆ. "ಇದರಲ್ಲಿ ಎರಡು ಕೋರ್, ಅದರಲ್ಲಿ ನಾಲ್ಕು ಕೋರ್. ಅದಕ್ಕೇ ಅದಕ್ಕೆ ದುಡ್ಡು ಜಾಸ್ತಿ." ಕೇಳಿದವನಿಗೂ ಸರಿ ಅನ್ನಿಸುತ್ತದೆ. ನಾಲ್ಕು ಎರಡಕ್ಕಿಂತ ಹೆಚ್ಚು ಅನ್ನೋದು ಒಂದನೆಯ ಇಯತ್ತೆಯ ಪಾಠವಲ್ಲವೆ?

ನಮ್ಮ ಸಂಘಕ್ಕೆ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಕೊಳ್ಳಬೇಕೆಂದು ಠರಾವಾಗಿದೆ. ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯಲ್ಲಿ ಎರಡು ಯಂತ್ರ ನೋಡಿಟ್ಟಿದ್ದೇವೆ. ಪೆಟ್ಟಿಗೆ, ಮೆಮರಿ, ಪರದೆ ಎಲ್ಲಾ ಹೆಚ್ಚು ಕಡಿಮೆ ಒಂದೇ. ಒಳಗಿನ ಪ್ರೊಸೆಸರ್ ಮಾತ್ರ ಬೇರೆ. ಒಂದರಲ್ಲಿ ಇಂಟೆಲ್ ಕೋರ್ 2 ಡ್ಯುಯೊ ಇ8400, ಇನ್ನೊಂದರಲ್ಲಿ ಕೋರ್ 2 ಕ್ವಾಡ್ ಕ್ಯೂ6600. ನಾಲ್ಕು ಕೋರಿನದಕ್ಕೆ 700 ರೂಪಾಯಿ ಹೆಚ್ಚು ಹೇಳಿದ್ದಾರೆ. ಖಜಾಂಚಿ ಎಂಬ ಕಾರಣಕ್ಕೆ ಈ 700 ರೂಪಾಯಿಯ ಜವಾಬು ನಾನು ಕೊಡಬೇಕು. ನಾನು ವಿಜ್ಞಾನದ ವಿದ್ಯಾರ್ಥಿ ಅಲ್ಲ, ಹತ್ತನೆಯವರೆಗೆ ಕನ್ನಡ ಮಾಧ್ಯಮ, ಈಗ ಕಾಮರ್ಸ್. ಆದ್ದರಿಂದ ಇಲ್ಲಿ ಸಿಗುವುದು ಇಂಜಿನಿಯರನ ವಿವರಣೆ ಅಲ್ಲ, ಲೆಕ್ಕಪತ್ರದವನ ವಿವರಣೆ.

ಮೊದಲು ಜಾತಕ. ಕ್ಯೂ6600 ಮಾರುಕಟ್ಟೆಗೆ ಬಂದದ್ದು 2007ರ ಜನವರಿಯಲ್ಲಿ. ಆಗ ಸಾವಿರದ ಲೆಕ್ಕದಲ್ಲಿ ಕೊಳ್ಳುವ ವರ್ತಕರಿಗೆ ಇಂಟೆಲ್ ಹಾಕಿದ ಬೆಲೆ ಒಂದಕ್ಕೆ 851 ಡಾಲರ್. ಅದೇ ವರ್ಷ ಜುಲೈಯಲ್ಲಿ ಅದನ್ನೇ 266 ಡಾಲರಿಗೆ ಇಳಿಸಿದರು. ಆರು ತಿಂಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಕಡಿಮೆ! ಇ8400 ಬಂದದ್ದು 2008ರ ಜನವರಿಯಲ್ಲಿ, 183 ಡಾಲರಿಗೆ. ಹಾಗಾಗಿ ಕಿರಿಯದು ಎರಡು ಕೋರಿನದು, ಹಿರಿಯದು ನಾಲ್ಕರದು. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಇ8400ರ ವೇಗ 3 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 300 ಕೋಟಿ ಮಿಡಿತ. ಕ್ಯೂ6600ರದು 2.4, ಅಂದರೆ 240 ಕೋಟಿ. ಕೋರ್ ಎಂದರೆ ಸ್ವತಂತ್ರವಾಗಿ ಕೆಲಸ ಮಾಡಬಲ್ಲ ಒಂದು ಕೈ. ಒಂದರಲ್ಲಿ ಎರಡು ಚುರುಕು ಕೈ, ಇನ್ನೊಂದರಲ್ಲಿ ನಾಲ್ಕು ನಿಧಾನದ ಕೈ.

ಮುಂಬಯಿಯ ಕನ್ನಡಿಗರಿಗೆ ಇದನ್ನು ತಿಳಿಸಲು ಉಡುಪಿ ಹೋಟೆಲಿನ ಅಡುಗೆಮನೆಗಿಂತ ಒಳ್ಳೆಯ ಉದಾಹರಣೆ ಬೇಡ. ಒಂದು ಹೋಟೆಲಿನಲ್ಲಿ ಇಬ್ಬರು ಭಟ್ಟರು, ಕೈ ಬಹಳ ಚುರುಕು. ಪಕ್ಕದ ಹೋಟೆಲಿನಲ್ಲಿ ನಾಲ್ವರು, ಸ್ವಲ್ಪ ನಿಧಾನ. ಬೆಳಗ್ಗೆ ಎಂಟು ಗಂಟೆಗೆ ನಲವತ್ತು ದೋಸೆಯ ಆರ್ಡರ್ ಬಂದರೆ ನಾಲ್ವರಿರುವ ಹೋಟೆಲೇ ಗೆಲ್ಲುತ್ತದೆ, ಅನುಮಾನವಿಲ್ಲ. ಆದರೆ ಮಧ್ಯಾಹ್ನ ಮೂರಕ್ಕೆ ಒಬ್ಬನೇ ಗಿರಾಕಿ ಬಂದು ಒಂದು ಮಸಾಲೆ ದೋಸೆ ಕೇಳಿದರೆ? ಒಂದು ದೋಸೆಯನ್ನು ನಾಲ್ಕು ಜನ ಸೇರಿ ಹುಯ್ಯಲಿಕ್ಕೆ ಆಗುವುದಿಲ್ಲ. ಮೂವರು ಕೈ ಕಟ್ಟಿ ನಿಲ್ಲುತ್ತಾರೆ, ಗಲ್ಲದ ಮೇಲಿನ ಧನಿಗಳು ಅವರ ಸಂಬಳ ಎಣಿಸುತ್ತಾ ಕೂರುತ್ತಾರೆ. ಆ ಗಿರಾಕಿಗೆ ದೋಸೆ ಮೊದಲು ಸಿಗುವುದು ಚುರುಕು ಭಟ್ಟರ ಹೋಟೆಲಿನಲ್ಲೇ.

ಇದೇ ಮಾತನ್ನು ಐಬಿಎಮ್‌ನಲ್ಲಿದ್ದ ಜೀನ್ ಅಮ್ಡಾಲ್ ಎಂಬವರು 1967ರಲ್ಲಿ ಗಟ್ಟಿಯಾಗಿ ಹೇಳಿದರು. ಯಾವ ಕೆಲಸದಲ್ಲೂ ಹಂಚಬಹುದಾದ ಪಾಲು ಒಂದಿರುತ್ತದೆ, ಹಂಚಲಾಗದ ಪಾಲು ಒಂದಿರುತ್ತದೆ. ಕೈ ಎಷ್ಟೇ ಹೆಚ್ಚಿಸಿದರೂ ಹಂಚಲಾಗದ ಪಾಲು ಒಂದು ಚೂರೂ ಬೇಗ ಮುಗಿಯುವುದಿಲ್ಲ. ಅಮ್ಡಾಲ್ ನಿಯಮ ಎಂದು ಇದಕ್ಕೆ ಹೆಸರು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಕೆಲಸದಲ್ಲಿ 720 ಪಾಲು ಇದೆ ಎಂದು ಹಿಡಿಯಿರಿ. ಇ8400ರ ಒಂದು ಕೋರ್ ಸೆಕೆಂಡಿಗೆ 3 ಪಾಲು, ಕ್ಯೂ6600ರ ಒಂದು ಕೋರ್ 2.4 ಪಾಲು ಮುಗಿಸುತ್ತದೆ. ಕೆಲಸ ಪೂರ್ತಿ ಹಂಚಲಾಗದ್ದು ಎಂದಾದರೆ ಇ8400ಕ್ಕೆ 240 ಸೆಕೆಂಡ್, ಕ್ಯೂ6600ಕ್ಕೆ 300. ಪೂರ್ತಿ ಹಂಚಬಹುದಾದ್ದು ಎಂದಾದರೆ ಇದಕ್ಕೆ 120, ಅದಕ್ಕೆ ಬರೀ 75. ಅರ್ಧಕ್ಕರ್ಧ ಹಂಚಬಹುದಾದರೆ? ಇಲ್ಲೇ ಸ್ವಾರಸ್ಯ. ಇ8400 ಹಂಚಲಾಗದ 360 ಪಾಲನ್ನು 120 ಸೆಕೆಂಡಿನಲ್ಲಿ, ಉಳಿದದ್ದನ್ನು ಇಬ್ಬರೂ ಸೇರಿ 60ರಲ್ಲಿ, ಒಟ್ಟು 180ರಲ್ಲಿ ಮುಗಿಸುತ್ತದೆ. ಕ್ಯೂ6600ಕ್ಕೆ 150 ಮತ್ತು 37.5, ಒಟ್ಟು 187.5. ಅರ್ಧ ಕೆಲಸ ನಾಲ್ಕು ಜನಕ್ಕೆ ಹಂಚಿದರೂ ಎರಡು ಕೋರಿನದೇ ಕೂದಲೆಳೆಯಷ್ಟು ಮುಂದೆ! ಮುಕ್ಕಾಲು ಪಾಲು ಹಂಚುವಂತಿದ್ದರೆ ಮಾತ್ರ ತಕ್ಕಡಿ ಆ ಕಡೆ ವಾಲುತ್ತದೆ: ಇದಕ್ಕೆ 150, ಅದಕ್ಕೆ ಸುಮಾರು 131.

ಕಾಮರ್ಸಿನವರಿಗೆ ಇದು ಪರಿಚಯದ ಚಿತ್ರ. ಎರಡು ಗೆರೆ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಕಾಸ್ಟಿಂಗ್ ಪುಸ್ತಕದಲ್ಲಿ ನಾವು ಬಾಯಿಪಾಠ ಮಾಡುವ ಬ್ರೇಕ್-ಈವನ್ ಬಿಂದು ಎಂದರೆ ಇದೇ. ಸಮೀಕರಣ ಹಾಕಿ ಬಿಡಿಸಿದರೆ ಉತ್ತರ ಶೇಕಡ 57ರ ಹತ್ತಿರ ಬರುತ್ತದೆ. ಕೆಲಸದಲ್ಲಿ ಹಂಚಬಹುದಾದ ಪಾಲು ಶೇಕಡ 57 ದಾಟಿದರೆ ಕ್ಯೂ6600 ಕೊಳ್ಳಿರಿ, ದಾಟದಿದ್ದರೆ ಇ8400.

ಇಷ್ಟರಲ್ಲಿ ನಾನು ಇಬ್ಬರ ಕೈಚಳಕ ಒಂದೇ ಎಂದುಕೊಂಡು, ವೇಗ ಮಾತ್ರ ಬೇರೆ ಎಂದು ಲೆಕ್ಕ ಹಾಕಿದೆ. ನಿಜದಲ್ಲಿ ಇ8400 ಒಂದು ವರ್ಷ ಕಿರಿಯದಾದ್ದರಿಂದ ಪ್ರತಿ ಮಿಡಿತಕ್ಕೂ ಸ್ವಲ್ಪ ಹೆಚ್ಚು ಕೆಲಸ ತೆಗೆಯುತ್ತದೆ. ಅದರ ಭಾಗಾಕಾರದ ಭಾಗವನ್ನು ಸುಧಾರಿಸಿದ್ದಾರೆ. ಆದ್ದರಿಂದ 57 ಎಂಬುದು ಇನ್ನೂ ಸ್ವಲ್ಪ ಮೇಲೇ ಹೋದೀತು.

ಇನ್ನೊಂದು ಗುಟ್ಟು ಇದೆ. ಕ್ಯೂ6600 ನಿಜವಾಗಿ ನಾಲ್ವರು ಕೂತ ಒಂದು ಅಡುಗೆಮನೆ ಅಲ್ಲ. ಎರಡೆರಡು ಕೋರಿನ ಎರಡು ಸಿಲಿಕಾನ್ ತುಂಡುಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿ ಮೇಲೆ ಒಂದೇ ಮುಚ್ಚಳ ಹಾಕಿದ್ದಾರೆ. ಎರಡು ಅಡುಗೆಮನೆ, ಆದರೆ ಉಗ್ರಾಣಕ್ಕೆ ಬಾಗಿಲು ಒಂದೇ. ಈ ಅಡುಗೆಮನೆಯವ ಆ ಅಡುಗೆಮನೆಯವನ ಹತ್ತಿರ ಚಟ್ನಿ ಕೇಳಬೇಕಾದರೂ ಆ ಬಾಗಿಲಿಗೇ ಬಂದು ಹೋಗಬೇಕು. ಬಾಗಿಲಿನ ಅಗಲಕ್ಕೆ ಕಂಪ್ಯೂಟರ್ ಭಾಷೆಯಲ್ಲಿ ಫ್ರಂಟ್ ಸೈಡ್ ಬಸ್ ಎನ್ನುತ್ತಾರೆ. ಕ್ಯೂ6600ರಲ್ಲಿ ಅದು 1066, ಇ8400ರಲ್ಲಿ 1333. ನಾಲ್ವರಿಗೆ ಕಿರಿದು ಬಾಗಿಲು, ಇಬ್ಬರಿಗೆ ಅಗಲ ಬಾಗಿಲು! ಕೈಗೆಟಕುವ ಹಿಟ್ಟಿನ ಪಾತ್ರೆ, ಅಂದರೆ ಕ್ಯಾಶ್, ಅಲ್ಲೂ ಹಾಗೆಯೇ. ಕ್ಯೂ6600ರಲ್ಲಿ 8 ಎಂಬಿ ಎಂದು ಬರೆದಿರುತ್ತದೆ, ಆದರೆ ಅದು ನಾಲ್ಕು ಮತ್ತು ನಾಲ್ಕು. ಇ8400ರಲ್ಲಿ 6 ಎಂಬಿ, ಇಬ್ಬರಿಗೂ ಪೂರ್ತಿ ಸಿಗುವಂಥದು.

ಹಾಗಾದರೆ ಇಂಟೆಲಿನವರು ಹೀಗೇಕೆ ಮಾಡಿದರು? ವ್ಯಾಪಾರದ ಬುದ್ಧಿ. ಸಿಲಿಕಾನ್ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ದೋಷ ಇದ್ದೇ ಇರುತ್ತದೆ. ದೊಡ್ಡ ತುಂಡು ಕತ್ತರಿಸಿದರೆ ಒಂದು ದೋಷಕ್ಕೆ ಇಡೀ ದೊಡ್ಡ ತುಂಡು ಹಾಳು. ಚಿಕ್ಕದು ಕತ್ತರಿಸಿದರೆ ನಷ್ಟ ಚಿಕ್ಕದು, ಒಳ್ಳೆಯ ಎರಡನ್ನು ಆರಿಸಿ ಜೋಡಿ ಮಾಡಬಹುದು. ಪ್ರತಿಸ್ಪರ್ಧಿ ಎಎಮ್‌ಡಿ 2007ರ ನವೆಂಬರಿನಲ್ಲಿ ಫೆನಮ್ ಎಂಬ ಹೆಸರಿನಲ್ಲಿ ನಾಲ್ಕು ಕೋರನ್ನು ಒಂದೇ ತುಂಡಿನಲ್ಲಿ ತಂದಿತು. ಅಷ್ಟು ಹೊತ್ತಿಗೆ ಇಂಟೆಲಿನ ಜೋಡಿ ತುಂಡು ಅಂಗಡಿಗಳಲ್ಲಿ ಹತ್ತು ತಿಂಗಳು ವ್ಯಾಪಾರ ಮಾಡಿ ಆಗಿತ್ತು. ನನ್ನ ಮಟ್ಟಿಗೆ ಇದು ಕಾಸ್ಟ್ ಅಕೌಂಟಿಂಗಿನ ಒಳ್ಳೆಯ ಪಾಠ, ನಮ್ಮ ಪಠ್ಯದ ಬಿಸ್ಕೀಟು ಕಾರ್ಖಾನೆಯ ಉದಾಹರಣೆಗಿಂತ ಎಷ್ಟೋ ಮೇಲು.

ಈಗ ಮುಖ್ಯ ಪ್ರಶ್ನೆ. ನಮ್ಮ ಕೆಲಸದಲ್ಲಿ ಹಂಚಬಹುದಾದ ಪಾಲು ಎಷ್ಟು?

ಈ ಯಂತ್ರ ಬೇಕಾಗಿರುವುದು ಯಾರಿಗೆ ಎಂದು ಮೊದಲು ನೆನೆಯಬೇಕು. ಪತ್ರಿಕೆಯ ಬರಹ ಟೈಪು ಮಾಡುವುದು ಒಂದು. ಅದಕ್ಕಿಂತ ಹೆಚ್ಚಾಗಿ, ಹಗಲೆಲ್ಲಾ ಹೋಟೆಲು, ಅಂಗಡಿಯಲ್ಲಿ ದುಡಿದು ಸಂಜೆ ಕಾಲೇಜಿಗೆ ಬರುವ ನಮ್ಮ ಸದಸ್ಯರಿಗೆ. ಕೆಲಸದ ಇಂಟರ್‌ವ್ಯೂನಲ್ಲಿ "ಸ್ಪ್ರೆಡ್‌ಶೀಟ್ ಬರುತ್ತಾ?" ಅಂತ ಕೇಳಿದಾಗ ಅವರು ತಲೆ ತಗ್ಗಿಸುತ್ತಾರೆ. ಕ್ಲಾಸಿಗೆ ಸೇರಲು ದುಡ್ಡಿಲ್ಲ, ಮೊಬೈಲಿನ ಪರದೆಯಲ್ಲಿ ಲೆಡ್ಜರ್ ಕಲಿಯುವುದು ಆಗುವ ಮಾತಲ್ಲ.

ಟೈಪು ಮಾಡುವಾಗ ಪ್ರೊಸೆಸರು ಹೆಚ್ಚು ಹೊತ್ತು ನಮ್ಮ ಬೆರಳಿಗಾಗಿ ಕಾಯುತ್ತಾ ಕೂತಿರುತ್ತದೆ. ಅಲ್ಲಿ ಎರಡೂ ಒಂದೇ, ನಾಲ್ಕೂ ಒಂದೇ. ಲೆಕ್ಕದ ಹಾಳೆಯ ವಿಷಯ ಬೇರೆ. ಎಕ್ಸೆಲ್ 2007ರಿಂದೀಚೆಗೆ ಲೆಕ್ಕವನ್ನು ಹಲವು ಕೋರುಗಳಿಗೆ ಹಂಚುವುದನ್ನು ಕಲಿತಿದೆ. ಆದರೆ ಎಲ್ಲವನ್ನೂ ಹಂಚಲಾಗದು. ಐದು ಸಾವಿರ ಬಿಲ್ಲುಗಳಿಗೆ ಜಿಎಸ್‌ಟಿ ಹಾಕುತ್ತೀರಿ ಅನ್ನಿ. ಮೊದಲನೆಯ ಬಿಲ್ಲಿನ ತೆರಿಗೆಗೂ ಎರಡನೆಯದರ ತೆರಿಗೆಗೂ ಸಂಬಂಧವಿಲ್ಲ, ನಾಲ್ವರು ಗುಮಾಸ್ತರಿಗೆ ಧಾರಾಳವಾಗಿ ಹಂಚಬಹುದು. ಅದೇ ಕ್ಯಾಶ್ ಪುಸ್ತಕದ ಶಿಲ್ಕು ಕಾಲಮ್ಮು ನೋಡಿ. ಹತ್ತನೆಯ ಸಾಲಿನ ಶಿಲ್ಕು ಬೇಕಾದರೆ ಒಂಬತ್ತನೆಯದು ಬೇಕು, ಒಂಬತ್ತಕ್ಕೆ ಎಂಟು. ಇದು ಸರಪಳಿ. ನಾಲ್ಕು ಗುಮಾಸ್ತರನ್ನು ಕೂರಿಸಿದರೂ ಬರೆಯುವವನು ಒಬ್ಬನೇ, ಮಿಕ್ಕವರು ಅವನ ಭುಜದ ಮೇಲಿಂದ ಇಣುಕುತ್ತಾರೆ. ನಾವು ಅಭ್ಯಾಸ ಮಾಡುವ ಲೆಕ್ಕ ಹೆಚ್ಚಾಗಿ ಈ ಎರಡನೆಯ ಜಾತಿಯದು, ಅದೂ ಸಾವಿರ ಸಾಲು ದಾಟದ್ದು. ಇಲ್ಲಿ ಗೆಲ್ಲುವುದು ಚುರುಕು ಕೈಯೇ.

ನಾಲ್ಕರ ಪರವಾಗಿ ಹೇಳಬೇಕಾದ್ದನ್ನು ಮುಚ್ಚಿಡುವುದು ಖಜಾಂಚಿಯ ಲಕ್ಷಣವಲ್ಲ. ಇಂದಿನ ಬ್ರೌಸರುಗಳು ಪುಟಗಳ ಕೆಲಸವನ್ನು ಬೇರೆಬೇರೆಯಾಗಿ ಹಂಚಿಬಿಡುತ್ತವೆ. ಇಂಟರ್‌ನೆಟ್ಟಿನ ಪಾಠದ ವಿಡಿಯೊ ಬಿಡಿಸುವ ಕೆಲಸವೂ ಚೆನ್ನಾಗಿ ಹಂಚಬಹುದಾದದ್ದು. ಹೊಸ ಕಂಪ್ಯೂಟರುಗಳಲ್ಲಿ ವಿಡಿಯೊ ಬಿಡಿಸಲು ಪ್ರತ್ಯೇಕ ಭಾಗವಿರುತ್ತದೆ. ಈ ಹಳೆ ಬೋರ್ಡುಗಳಿಗೆ ಇಂದಿನ ವಿಡಿಯೊ ಸಂಕೇತಗಳು ತಿಳಿಯವು, ಇಡೀ ಭಾರ ಪ್ರೊಸೆಸರಿನ ತಲೆಗೆ. ಒಂದು ಕಡೆ ಪಾಠ ಓಡುತ್ತಿರುವಾಗಲೇ ಇನ್ನೊಂದು ಕಡೆ ಲೆಕ್ಕ ಮಾಡುವ ಸದಸ್ಯರು ಹೆಚ್ಚು ಇದ್ದರೆ ಕ್ಯೂ6600 ತನ್ನ 700 ರೂಪಾಯಿಯನ್ನು ನ್ಯಾಯವಾಗಿ ದುಡಿಯುತ್ತದೆ.

ಕೊಂಡ ಮೇಲಿನ ಖರ್ಚೂ ಇದೆ. ಇ8400ರ ಶಾಖದ ಮಿತಿ 65 ವಾಟ್. ಕ್ಯೂ6600ರ ಮೊದಲ ತಳಿಗೆ 105, ಜಿ0 ಎಂಬ ನಂತರದ ತಳಿಗೆ 95. ಮೊದಲ ತಳಿ ಸಿಕ್ಕಿತೆಂದರೆ ವ್ಯತ್ಯಾಸ 40 ವಾಟ್. ದಿನಕ್ಕೆ 4 ಗಂಟೆ, ವರ್ಷಕ್ಕೆ 250 ದಿನ ಎಂದರೆ 40 ಯೂನಿಟ್. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೆ ವರ್ಷಕ್ಕೆ 400 ರೂಪಾಯಿ. ಇದು ಯಂತ್ರ ಪೂರ್ತಿ ದುಡಿದಾಗಿನ ಲೆಕ್ಕ, ಸುಮ್ಮನೆ ಕೂತಾಗ ಅಷ್ಟಾಗದು. ಆದರೂ ಫ್ಯಾನಿನ ಗದ್ದಲ ಮತ್ತು ಮೇ ತಿಂಗಳ ಮುಂಬಯಿ ಸೆಖೆ ಸೇರಿಸಿಕೊಳ್ಳಿ.

ಕೆಲವರು ಕ್ಯೂ6600ನ್ನು ತಿರುವಿ 3 ಗಿಗಾಹರ್ಟ್ಸಿಗೆ ಏರಿಸಬಹುದಲ್ಲ ಎನ್ನುತ್ತಾರೆ. ನಿಜ, ಎರಡರ ಗುಣಕವೂ 9. ಮೂಲ ಮಿಡಿತ 266 ಇದ್ದದ್ದನ್ನು 333 ಮಾಡಿದರೆ ಆಯ್ತು. ಒಂದು ಕಾಲದಲ್ಲಿ ಹುಡುಗರು ಇದನ್ನು ಕೊಳ್ಳುತ್ತಿದ್ದುದೇ ಅದಕ್ಕೆ. ಆದರೆ ಆಫೀಸುಗಳಿಂದ ಬಂದ ಹಳೆ ಯಂತ್ರಗಳ ಬೋರ್ಡಿನಲ್ಲಿ ಆ ಸೌಕರ್ಯ ಸಾಮಾನ್ಯವಾಗಿ ಇರುವುದಿಲ್ಲ.

ಎರಡಕ್ಕೂ ಸಮನಾದ ಒಂದು ಊನವನ್ನೂ ಸದಸ್ಯರು ತಿಳಿದಿರಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ 2024ರ ಆವೃತ್ತಿ ಎಸ್‌ಎಸ್‌ಇ 4.2 ಎಂಬ ಆಜ್ಞೆಗಳ ಗುಂಪನ್ನು ಕೇಳುತ್ತದೆ. ಅದು ಈ ಇಬ್ಬರಿಗೂ ಬಾರದು. ಆದ್ದರಿಂದ ಯಾವುದನ್ನು ತಂದರೂ ಲಿನಕ್ಸ್ ಹಾಕುವುದು ಲೇಸು. ಪುಕ್ಕಟೆ ಸಿಗುತ್ತದೆ, ಕೆಜಿಪಿ ಕೀಲಿಮಣೆಯಲ್ಲಿ ಕನ್ನಡ ಟೈಪು ಮಾಡಬಹುದು, ಲಿಬ್ರೆ ಆಫೀಸಿನ ಲೆಕ್ಕದ ಹಾಳೆಯಲ್ಲಿ ಕಲಿತದ್ದು ಎಕ್ಸೆಲಿಗೂ ಬಹುಮಟ್ಟಿಗೆ ಸಲ್ಲುತ್ತದೆ.

ನನ್ನ ಶಿಫಾರಸು ಇ8400. ಉಳಿದ 700 ರೂಪಾಯಿಯನ್ನು ಹಳೆ ಹಾರ್ಡ್‌ಡಿಸ್ಕ್ ಕಿತ್ತು ಚಿಕ್ಕದೊಂದು ಎಸ್‌ಎಸ್‌ಡಿ ಹಾಕುವ ಖರ್ಚಿಗೆ ಸೇರಿಸೋಣ. ಹತ್ತು ಹದಿನೈದು ವರ್ಷದ ಯಂತ್ರ ತೆವಳುವುದು ಹೆಚ್ಚಾಗಿ ತಿರುಗುವ ಆ ಡಿಸ್ಕಿನಿಂದ. ಭಟ್ಟರು ಎಷ್ಟು ಜನ ಇದ್ದರೇನು, ಉಗ್ರಾಣದವ ಅಕ್ಕಿ ಅಳೆಯಲು ಅರ್ಧ ಗಂಟೆ ತೆಗೆದುಕೊಂಡರೆ? ಎರಡು ಪ್ರೊಸೆಸರುಗಳೂ 775 ಎಂಬ ಒಂದೇ ಸಾಕೆಟ್ಟಿನಲ್ಲಿ ಕೂರುತ್ತವೆ. ಮುಂದೆ ವಿಡಿಯೊ ಪಾಠದವರು ಹೆಚ್ಚಾದರೆ, ಬೋರ್ಡು ಒಪ್ಪುವಂಥದಾದರೆ, ಕ್ಯೂ6600 ಒಂದನ್ನೇ ಬಿಡಿಯಾಗಿ ತಂದು ಹಾಕಬಹುದು. ಆದ್ದರಿಂದ ದುಡ್ಡು ಎಣಿಸುವ ಮೊದಲು ಬೋರ್ಡಿನ ಹೆಸರು ಗುರುತು ಹಾಕಿಕೊಂಡು ಬನ್ನಿರೆಂದು ಅಂಗಡಿಗೆ ಹೋಗುವ ಇಬ್ಬರು ಸದಸ್ಯರಿಗೂ ಹೇಳಿದ್ದೇನೆ.