ಜುಮಾ ಖುತ್ಬಾದ ಸಾರ: ಬಾಣಂತಿಯೂ ನಮ್ಮ ಸಂಬಂಧಿಕಳೇ

ಬಿಜ್ಜರಗಿ, ತಿಕೋಟಾ ಕಡೆ ದ್ರಾಕ್ಷಿ ತೋಟದ ಕೆಲಸ ಶುರುವಾದೊಡನೆ, 'ಹೇಗೂ ಮನೆಯಲ್ಲೇ ಇದ್ದಾಳಲ್ಲ' ಎಂದು ಬಾಣಂತಿಯ ಬಳಿ ನಮ್ಮ ಮಕ್ಕಳನ್ನೂ ಬಿಟ್ಟು ಹೋಗುತ್ತೇವೆ. ಇಲ್ಲವೆಂದರೆ ಸಂಬಂಧ ಕಡಿದ ಪಾಪ ಬಂದೀತೆಂದು ಅವಳು ಹೆದರುತ್ತಾಳೆ.

ಸಂಬಂಧಿಕರ ಹಕ್ಕು ಕೊಡಬೇಕೆನ್ನುವ ಕುರ್‌ಆನ್ (17:26), ಕೊಡಲಾಗದಾಗ ಮೃದುವಾಗಿ ಮಾತಾಡಬೇಕೆಂದೂ ಕಲಿಸುತ್ತದೆ (17:28). ಹಾಲುಣಿಸುವ ತಾಯಿಗೆ ಸ್ವಂತ ಮಗುವಿನ ಕಾರಣದಿಂದಲೂ ತೊಂದರೆಯಾಗಬಾರದು (2:233) ಎಂದ ಮೇಲೆ, ನಮ್ಮ ಮಕ್ಕಳ ಭಾರವನ್ನು ಅವಳ ಮೇಲೆ ಹೊರಿಸುವುದು ಹೇಗೆ ಸರಿ?

'ಆಪಾ, ದಿನಾಲೂ ಆಗೂದಿಲ್ಲ. ಮಧ್ಯಾಹ್ನ ಎರಡು ತಾಸು ನೋಡ್ಕೋತೀನಿ' ಎಂದರೆ ಸಂಬಂಧ ಕಡಿದಂತಲ್ಲ. ಅವಳಿಗೆ ಸಂಕೋಚವಾದರೆ ಗಂಡನೇ ಹೇಳಲಿ. 3 ವರ್ಷ ತುಂಬಿದವರನ್ನು ಅಂಗನವಾಡಿಗೆ ಕಳಿಸೋಣ. ಚಿಕ್ಕವರನ್ನು ನೋಡಿಕೊಳ್ಳಲು ಮನೆಮಂದಿ ಸರದಿ ಹಚ್ಚಿಕೊಳ್ಳೋಣ. ಬಾಣಂತಿಯ ಹಕ್ಕಿನ ಲೆಕ್ಕವನ್ನೂ ಅಲ್ಲಾಹನು ನಮ್ಮಿಂದ ಕೇಳುವನು.