ಅಪ್ಪನ ರೆಕಾರ್ಡೂ ಬೇಡದ ತಂಬೂರಿಯೂ

ಹೋದ ವರ್ಷ ಧಾರವಾಡದ ಮನೆಗೆ ಬೀಗ ಹಾಕಿ ಅಪ್ಪನನ್ನು ಡೊಂಬಿವ್ಲಿಯ ನಮ್ಮ ಫ್ಲ್ಯಾಟಿಗೆ ಕರೆತಂದೆ. ಎರಡು ಸೂಟ್‌ಕೇಸಿನ ಜೊತೆ ಅವರು ತಂದದ್ದು ಒಂದು ರಟ್ಟಿನ ಡಬ್ಬಿ. ಅದರ ತುಂಬ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರ ಎಲ್‌ಪಿ ರೆಕಾರ್ಡುಗಳು. ಊರು ಬಿಟ್ಟ ಬೇಸರ ಕಳೆಯಲೆಂದು ಅವರ ಹಳೆಯ ಟರ್ನ್‌ಟೇಬಲ್, ಆಂಪ್ಲಿಫೈಯರ್, ಸ್ಪೀಕರ್‌ಗಳನ್ನು ಹಾಲ್‌ನಲ್ಲಿ ಜೋಡಿಸಿದೆ. ಟಿವಿ ವಾರ್ತೆಯೂ ಚೆನ್ನಾಗಿ ಕೇಳಲಿ ಎಂದು ಕೇಬಲ್‌ನ ಸೆಟ್‌ಟಾಪ್ ಬಾಕ್ಸನ್ನೂ ಅದೇ ಆಂಪ್ಲಿಫೈಯರ್‌ಗೆ ಸೇರಿಸಿದೆ.

ಮೊದಲ ರೆಕಾರ್ಡು ಹಾಕಿದೆ. ತಂಬೂರಿಗಿಂತ ಮೊದಲೇ ‘ಗುಂಯ್...’ ಎಂಬ ಸದ್ದು ಶುರುವಾಯಿತು.

‘ಏನೋ ಇದು, ಇನ್ನೊಂದು ತಂಬೂರಿ ಕೂಡ್ಸಿಯೇನು? ಶ್ರುತಿ ಹೊಂದವಲ್ದಲ್ಲ!’ ಎಂದು ಅಪ್ಪ ನಕ್ಕರು. ಎರಡು ವಾರದ ಮೇಲೆ ನಗಲಿಲ್ಲ. ‘ಬ್ಯಾಡ ಬಿಡು, ಟಿವಿನ ಹಚ್ಚು’ ಎಂದರು. ಡಬ್ಬಿ ಮಂಚದ ಕೆಳಗೆ ಹೋಯಿತು. ಅದು ನನಗೆ ಚುಚ್ಚಿತು.

ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಐದೇ ನಿಮಿಷದಲ್ಲಿ ಸದ್ದು ನಿಲ್ಲಿಸಿದರು. ಆಂಪ್ಲಿಫೈಯರ್‌ನ ತ್ರೀ ಪಿನ್ ಟಾಪ್‌ನ ದಪ್ಪ ಪಿನ್ನು, ಅಂದರೆ ಅರ್ತ್ ಪಿನ್ನು, ತೆಗೆದುಬಿಟ್ಟಿದ್ದರು. ನನಗೂ ಖುಷಿಯಾಯಿತು. ಮೂರನೆಯ ದಿನ ನೆಲ ಒರೆಸಿದ ಮೇಲೆ ಬರಿಗಾಲಲ್ಲಿ ನಿಂತು ಅಪ್ಪ ವಾಲ್ಯೂಮ್ ತಿರುಗಿಸಲು ಹೋದರು. ಕೈ ಝುಮ್ ಎಂದು ಹಿಂದಕ್ಕೆ ಎಳೆದುಕೊಂಡರು. ಅವರಿಗೆ ಎಪ್ಪತ್ತೆಂಟು ವರ್ಷ.

ಆ ರಾತ್ರಿ ನಾನು ಅರ್ತ್ ಎಂದರೇನು ಎಂದು ಸರಿಯಾಗಿ ಓದಿದೆ. ಸೆಟ್‌ಟಾಪ್ ಬಾಕ್ಸಿನಂಥ ಸಾಧನಗಳಿಂದ ಅಲ್ಪಸ್ವಲ್ಪ ಕರೆಂಟು ವೈರಿನ ಮೂಲಕ ಆಂಪ್ಲಿಫೈಯರ್‌ನ ಲೋಹದ ಮೈಗೆ ಸೋರುತ್ತದೆ. ಅರ್ತ್ ಇದ್ದರೆ ಅದು ಸದ್ದಿಲ್ಲದೆ ನೆಲ ಸೇರುತ್ತದೆ, ಇಲ್ಲದಿದ್ದರೆ ಮುಟ್ಟಿದವರ ಮೈಯಿಂದ ದಾರಿ ಹುಡುಕುತ್ತದೆ. ಒಳಗೆ ಲೈವ್ ವೈರೇ ಸಡಿಲಾಗಿ ಮೈಗೆ ತಾಗಿದ್ದರೆ, 230 ವೋಲ್ಟ್ ಇಡಿಯಾಗಿ ಅಲ್ಲಿ ಕಾದಿರುತ್ತಿತ್ತು. ಮರುದಿನವೇ ಹೊಸ ತ್ರೀ ಪಿನ್ ಟಾಪ್ ಹಾಕಿಸಿದೆ. ಗುಂಯ್ ಕೂಡ ವಾಪಸ್ ಬಂತು.

ಈ ಸಲ ಒಂದೊಂದಾಗಿ ಕಳೆಯುತ್ತ ಹೋದೆ. ನೀವೂ ಹೀಗೇ ಮಾಡಬಹುದು. ಪ್ರತಿ ವೈರು ಕೀಳುವ, ಹಾಕುವ ಮುನ್ನ ಸ್ವಿಚ್ ಆಫ್ ಮಾಡಿ.

ಮೊದಲು ವಾಲ್ಯೂಮ್ ಸೊನ್ನೆಗೆ ತನ್ನಿ. ಒಳಗೆ ಬರುವ ವೈರುಗಳನ್ನೆಲ್ಲ ಕಿತ್ತ ಮೇಲೂ ಸದ್ದು ಹಾಗೇ ಇದ್ದರೆ ತೊಂದರೆ ಆಂಪ್ಲಿಫೈಯರ್ ಹೊಟ್ಟೆಯಲ್ಲಿದೆ. ಹಳೆಯದಾದರೆ ಪವರ್ ಸಪ್ಲೈನ ಕಂಡೆನ್ಸರ್ ಒಣಗಿರಬಹುದು. ಅದನ್ನು ರಿಪೇರಿಯವರಿಗೇ ಬಿಡಿ. ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ.

ವೈರು ಕಿತ್ತಾಗ ಸದ್ದು ಹೋದರೆ ಒಂದೊಂದೇ ಮತ್ತೆ ಸೇರಿಸಿ. ಟರ್ನ್‌ಟೇಬಲ್ ಸೇರಿಸಿದಾಗ ಬಂದರೆ, ಅದರ ಜೊತೆ ಬರುವ ತೆಳ್ಳಗಿನ ಬೇರೆ ಅರ್ತ್ ವೈರು ಆಂಪ್ಲಿಫೈಯರ್ ಹಿಂಬದಿಯ ಸ್ಕ್ರೂಗೆ ಬಿಗಿಯಾಗಿದೆಯೇ ನೋಡಿ. ರೆಕಾರ್ಡಿನ ಮುಳ್ಳಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ಹಿಗ್ಗಿಸುವಾಗ ಪಕ್ಕದ ಗುಂಯ್ ಕೂಡ ಹಿಗ್ಗುತ್ತದೆ. ಕರೆಂಟಿನ ವೈರು, ಹಾಡಿನ ವೈರು ಒಂದಕ್ಕೊಂದು ಸುತ್ತಿಕೊಂಡಿರಬಾರದು. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಎಲ್ಲ ಸಾಧನಗಳೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿರುವುದು ಒಳ್ಳೆಯದು.

ನನ್ನ ಮನೆಯಲ್ಲಿ ಇವೆಲ್ಲ ಸರಿಯಿದ್ದವು. ಕೊನೆಗೆ ಸೆಟ್‌ಟಾಪ್ ಬಾಕ್ಸಿನ ಹಿಂದಿನ ದುಂಡು ಕೇಬಲ್ ತಿರುಗಿಸಿ ಬಿಚ್ಚಿದೆ. ತಟ್ಟನೆ ಮೌನ! ಮತ್ತೆ ಹಾಕಿದೆ, ಗುಂಯ್.

ಕಾರಣ ಇಷ್ಟೇ. ಆಂಪ್ಲಿಫೈಯರ್‌ಗೆ ನಮ್ಮ ಫ್ಲ್ಯಾಟಿನ ಅರ್ತ್. ಕೇಬಲ್‌ನ ಹೊರಜಾಲರಿಗೆ ಬಿಲ್ಡಿಂಗ್‌ನಲ್ಲಿ ಬೇರೆಲ್ಲೋ ಇನ್ನೊಂದು ಅರ್ತ್. ಎರಡರ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸವಿದ್ದರೂ ಸಾಕು, ಹಾಡಿನ ವೈರಿನ ಜಾಲರಿಯಲ್ಲೇ ಕರೆಂಟು ಸುತ್ತು ಹೊಡೆಯುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಇದಕ್ಕೇ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಆ 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟು 100 ಹರ್ಟ್ಸ್ ನಮ್ಮ ಕಿವಿಗೆ ಗುಂಯ್ ಆಗಿ ಕೇಳುತ್ತವೆ. ಮನ್ಸೂರರ ತಂಬೂರಿಯ ಶ್ರುತಿಗೆ ಅದು ಹೊಂದಲು ಹೇಗೆ ಸಾಧ್ಯ?

ಭಾನುವಾರಕ್ಕೆ ಕಾಯದೆ ರಜೆ ಹಾಕಿ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಟಿವಿಯ ಆಪ್ಟಿಕಲ್ ಕಿಂಡಿಯಿಂದ ಬರುವ ಬೆಳಕನ್ನು ಮತ್ತೆ ಹಾಡಾಗಿಸುವ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕನ್ವರ್ಟರ್ ಸಿಕ್ಕಿತು. ಆಪ್ಟಿಕಲ್ ವೈರಿನಲ್ಲಿ ಹರಿಯುವುದು ಬೆಳಕು, ಕರೆಂಟಲ್ಲ. ಹಾಗಾಗಿ ಸುತ್ತು ಅಲ್ಲಿಗೇ ತುಂಡಾಗುತ್ತದೆ. ಟಿವಿಯಲ್ಲಿ ಆ ಕಿಂಡಿ ಇಲ್ಲದವರು ಕೇಬಲ್ ದಾರಿಯಲ್ಲೇ ಐಸೊಲೇಟರ್ ಹಾಕಬಹುದು. ಎರಡರಲ್ಲೂ ಅರ್ತ್ ಪಿನ್ನು ತನ್ನ ಜಾಗದಲ್ಲೇ ಇರುತ್ತದೆ.

ಬಾಡಿಗೆ ಮನೆಗಳಲ್ಲಿ, ಹಳೆಯ ಸೊಸೈಟಿಗಳಲ್ಲಿ ಇರುವ ನಮ್ಮಲ್ಲಿ ಹಲವರಿಗೆ ಗೋಡೆಯ ಪ್ಲಗ್ಗಿನಲ್ಲಿ ಅರ್ತ್ ನಿಜವಾಗಿ ಇದೆಯೇ ಎಂಬುದೇ ಗೊತ್ತಿರುವುದಿಲ್ಲ. ಒಮ್ಮೆ ಪರೀಕ್ಷೆ ಮಾಡಿಸಿ. ಗುಂಯ್ ಇದ್ದರೆ ಕಿರಿಕಿರಿ, ಅಷ್ಟೇ. ಅರ್ತ್ ಇಲ್ಲದಿದ್ದರೆ ಜೀವಕ್ಕೇ ಕುತ್ತು.

ಸಂಜೆ ಮಂಚದ ಕೆಳಗಿನಿಂದ ಡಬ್ಬಿ ಎಳೆದೆ. ರೆಕಾರ್ಡು ತಿರುಗಿತು. ಸ್ವಲ್ಪ ಚಿಟಪಟ, ಆಮೇಲೆ ಬರೀ ತಂಬೂರಿ. ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದರು: ‘ಈಗ ಹೊಂದೇದ ನೋಡು.’